ಸುಮ್ಮ ರೊಟ್ಟಿ ಬಡಿಯುವವರು

ಕಾವೇರಿ ಪರಾತದಿಂದ ಒಂದು ಚಿಟಿಕೆ ಒಣಹಿಟ್ಟು ತೆಗೆದು ಗೌರಕ್ಕನ ಮುಖಕ್ಕೆ ಎಸೆದಳು. ಗುರಿ ತಪ್ಪಲಿಲ್ಲ. ಹಿಟ್ಟು ಗೌರಕ್ಕನ ಹಣೆಯ ಮೇಲೆ, ಬೆಳಗಿನ ವಿಭೂತಿಯ ಕೆಳಗೆ, ಇನ್ನೊಂದು ವಿಭೂತಿಯಂತೆ ಕೂತಿತು.

"ಮತ್ತ ಅಂದಿ ನೋಡ ಯಕ್ಕಾ."

"ಏನಂದ್ನೇ?"

"ಸುಮ್ಮ ಅಂದಿ."

"ನಾ ಎಲ್ಲಿ ಅಂದೆ? ಶಾಹೀನಾ, ನೀನ ಹೇಳ, ನಾ ಅಂದ್ನೇನ?"

ಶಾಹೀನ ಹಂಚಿನ ಮೇಲಿದ್ದ ರೊಟ್ಟಿಗೆ ನೀರಿನ ಅರಿವೆ ಸವರುತ್ತಿದ್ದಳು. ತಲೆ ಎತ್ತಲಿಲ್ಲ. "ಅಂದ್ರಿ ಗೌರಕ್ಕ. ಅದರ ಮೊದಲ 'ಏನಿಲ್ರಿ' ಅಂತನೂ ಅಂದ್ರಿ. ಅದಕ್ಕ ಬ್ಯಾರೆ ಹಿಟ್ಟು ಒಗೀಬೇಕು."

"ಒಗೀರಿ ಒಗೀರಿ. ಮಧ್ಯಾಹ್ನದಾಗ ಹುಡಿಗ್ಯಾರಿಗೆ ನನ್ನ ಮಾರೀನ ಬೇಯಿಸಿ ಹಾಕ್ರಿ."

"ಇನ್ನೊಮ್ಮೆ," ಎಂದಳು ಕಾವೇರಿ. ಸೆರಗು ಕೊಡವಿ, ಕೈ ಹಿಂದೆ ಕಟ್ಟಿ, ದನಿ ದಪ್ಪ ಮಾಡಿಕೊಂಡಳು. "ನಾ ಸಾಹೇಬ. ಅಕ್ಕಾರ, ಇಲ್ಲಿ ನೀವೇನು ಕೆಲಸ ಮಾಡ್ತೀರಿ?"

"ಏನಿ—" ಗೌರಕ್ಕ ನಾಲಿಗೆ ಕಚ್ಚಿಕೊಂಡಳು. ಕಣ್ಣು ಮುಚ್ಚಿ, ಸಾಲೆಯಲ್ಲಿ ಮಗ್ಗಿ ಒಪ್ಪಿಸುವವಳ ಹಾಗೆ ಹೇಳಿದಳು. "ಜ್ವಾಳದ ರೊಟ್ಟಿ ಮಾಡ್ತೇನ್ರಿ. ದಿನಾ ಮಾಡ್ತೇನ್ರಿ. ನಾ ಮಾಡ್ಲಿಲ್ಲಂದ್ರ ಹುಡಿಗ್ಯಾರು ಉಪಾಸ ಬೀಳತಾರ್ರಿ."

"ಹಾಂ. ಹಿಂಗ."

"ಇದು ದಿಮಾಕಿನ ಮಾತ ಆತವಾ. ಬಾಯಾಗ ಹೊರಳವಲ್ದು."

"ಹೊರಳಲಿಲ್ಲಂದ್ರ ದಬ್ಬು."

ಧಾರವಾಡದಲ್ಲಿ ಆ ಎರಡು ಮಾತುಗಳಿಲ್ಲದೆ ಯಾರೂ ಬಾಯಿ ತೆಗೆಯುವುದಿಲ್ಲ. ಎರಡಂತಸ್ತಿನ ಮನೆ ಕಟ್ಟಿಸಿದವನನ್ನು ಕೇಳಿದರೆ, ಏನಿಲ್ರಿ, ಸುಮ್ಮ ನಾಕ ಖೋಲಿ ಹಾಕ್ಸೇನಿ ಅನ್ನುತ್ತಾನೆ. ಮಗಳು ಇಡೀ ಕಾಲೇಜಿಗೆ ಮೊದಲು ಬಂದರೆ, ಏನಿಲ್ರಿ, ಸುಮ್ಮ ಪಾಸಾಗ್ಯಾಳ ಅನ್ನುತ್ತಾರೆ. ಕೇಳುವವರೂ ಇಲ್ಲಿಯವರೇ ಆದರೆ ಆ ಸುಮ್ಮದೊಳಗೆ ಎಷ್ಟು ತೂಕವಿದೆ ಅಂತ ಅವರಿಗೆ ಗೊತ್ತಿರುತ್ತದೆ. ಆದರೆ ಹಿಂದಿನ ಸಲ ಬಂದ ಅಧಿಕಾರಿ ಮೈಸೂರು ಕಡೆಯವರು. ಮಾಳಮಡ್ಡಿಯ ಈ ಸರ್ಕಾರಿ ವಿದ್ಯಾರ್ಥಿನಿಲಯದ ಅಡುಗೆಮನೆಗೆ ಬಂದು, ನೀವೇನು ಮಾಡ್ತೀರಿ ಅಂತ ಕೇಳಿದ್ದರು. ಗೌರಕ್ಕ ಮರ್ಯಾದೆಯಿಂದ ಎದ್ದು ನಿಂತು, "ಏನಿಲ್ರಿ, ಸುಮ್ಮ ರೊಟ್ಟಿ ಬಡಕೊಂತ ಇರ್ತೇವ್ರಿ" ಎಂದಿದ್ದಳು. ಅವರು ಅದನ್ನು ಹಾಗೆಯೇ ನಂಬಿದರು. ನಂಬಿ, ರೊಟ್ಟಿಯವರೆಲ್ಲರ ಹೆಸರಿನ ಮುಂದೆಯೂ ಒಂದೇ ಮಾತು ಬರೆದರು: ಸಹಾಯಕಿ, ಅಕುಶಲ.

ಅಡುಗೆಮನೆಗೆ ಆಳುಗಳನ್ನು ಕಳಿಸುವುದು ಗುತ್ತಿಗೆಯ ಏಜೆನ್ಸಿ. ಯಾವ ಆಳು ಕುಶಲ, ಯಾರು ಅಕುಶಲ ಅನ್ನುವುದನ್ನು ಗುತ್ತಿಗೆ ಹೊಸದಾಗುವ ಮೊದಲು ಒಬ್ಬ ಅಧಿಕಾರಿ ಬಂದು, ಕೆಲಸ ನೋಡಿ, ಬರೆದುಕೊಂಡು ಹೋಗುತ್ತಾರೆ. ಪಗಾರ ಅದರ ಮೇಲೆ. ಒಮ್ಮೆ ಬರೆದರೆ ಗುತ್ತಿಗೆ ಮುಗಿಯುವ ತನಕ ಅಳಿಸುವ ಹಾಗಿಲ್ಲ. ಇವತ್ತು ಮತ್ತೆ ಅಧಿಕಾರಿ ಬರುವ ದಿನ. ಅನ್ನ ಸಾರು ಮಾಡುವ ರಾಮಪ್ಪ ಕುಶಲ, ಯಾಕೆಂದರೆ ಅವನ ಹತ್ತಿರ ಹಬೆಯ ಯಂತ್ರವಿದೆ. ರೊಟ್ಟಿಯವರ ಹತ್ತಿರ ಇರುವುದು ಅಂಗೈ.

ಪಗಾರದ ಮಾತು ಒಂದು. ಕಾವೇರಿಗೆ ಅದಕ್ಕಿಂತ ಹೆಚ್ಚು ಚುಚ್ಚುತ್ತಿದ್ದುದು ಕಿಟಕಿಯ ಕೆಳಗೆ ಗೋಡೆಗೆ ಒರಗಿಸಿಟ್ಟ, ರೊಟ್ಟಿ ಬಡಿಯುವ ನಾಲ್ಕನೆಯ ಮಣೆ. ಅದು ಫಕೀರವ್ವನದು. ಭುಜ ಹಿಡಿದಿದೆ ಅಂತ ಫಕೀರವ್ವ ರಜೆ ಕೇಳಿದ್ದಕ್ಕೆ ಏಜೆನ್ಸಿ ಅವಳನ್ನು ಯಾವುದೋ ಕಚೇರಿಯ ಪಾಯಖಾನೆ ತೊಳೆಯಲು ಹಾಕಿತು. ಸಹಾಯಕಿ ಅಂದರೆ ಯಾವುದಕ್ಕೂ ಸಹಾಯಕಿ, ಎಲ್ಲಿ ಬೇಕಾದರೂ ಸಹಾಯಕಿ. ಈಗ ಗೌರಕ್ಕನ ಭುಜವೂ ಹಿಡಿಯುತ್ತಿದೆ. ಬಡಿಯುವಾಗ ಎಡಗೈಗೆ ಭಾರ ಹಾಕುತ್ತಾಳೆ, ಯಾರೂ ನೋಡಿಲ್ಲ ಅಂದುಕೊಂಡಿದ್ದಾಳೆ.

"ಬಂದ್ರು," ಎಂದಳು ಶಾಹೀನ.

ಮುಂದೆ ಏಜೆನ್ಸಿಯ ಮ್ಯಾನೇಜರ್ ಶಿವಯೋಗೀಶ, ಇಸ್ತ್ರಿ ಅಂಗಿ, ಕಿವಿಯಲ್ಲಿ ಫೋನಿನ ತುಂಡು. ಹಿಂದೆ ಅಧಿಕಾರಿ. ನಡುವಯಸ್ಸಿನವರು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಚರ್ಮದ ಚೀಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಶಿವಯೋಗೀಶ ಬೂಟಿನಲ್ಲಿಯೇ ಬಂದ. ಕಾವೇರಿ ಎರಡನ್ನೂ ಗಮನಿಸಿದಳು.

"ನಾ ಚನ್ನಯ್ಯ ಅಂತ್ರಿ," ಎಂದರು ಅಧಿಕಾರಿ. "ನಮ್ಮೂರ ಇಲ್ಲೇ, ಕೆಲಗೇರಿ. ಕೆಲಸ ಬಿಡಬ್ಯಾಡ್ರಿ, ಮಾಡಕೋಂತ ಮಾತಾಡ್ರಿ."

ಕೆಲಗೇರಿಯವರು ಅಂದ ಕೂಡಲೆ ಗೌರಕ್ಕನ ಮುಖ ಅರಳಿತು. ಕಾವೇರಿಗೆ ಅದೇ ಚಿಂತೆಯಾಯಿತು. ಗುರುತಿನ ಮಾತು ಬಂದರೆ ಗೌರಕ್ಕನ ಬಾಯಿಪಾಠ ಹಾರಿಹೋಗುತ್ತದೆ.

ಗೌರಕ್ಕ ಹಂಚಿನಿಂದ ಇಳಿಸಿದ ರೊಟ್ಟಿಯನ್ನು ತಾಟಿಗೆ ಹಾಕಿ, ಬದಿಗೆ ಶೇಂಗಾ ಚಟ್ನಿಪುಡಿ ಇಟ್ಟು ಮುಂದೆ ಹಿಡಿದಳು. "ತಗೋರಿ ಸಾಹೇಬ್ರ."

"ಒಲ್ಲೆವಾ, ಈಗ ನಾಷ್ಟಾ ಮಾಡಿ ಬಂದೇನಿ."

"ಒಂದ ಚೂರು."

"ಒಲ್ಲೆ, ಒಲ್ಲೆ. ಹೊಟ್ಟಿ ಗಚ್ಚಾಗೇತಿ."

"ಬಿಸಿ ಐತ್ರಿ, ಆರಿದ್ರ ಹೋತು."

"ಹಂಗಾರ ಅರ್ಧಾ ಹಾಕ್ರಿ."

ಒಂದೂವರೆ ತಿಂದರು. ತಿನ್ನುತ್ತಲೇ ಕೇಳಿದರು. "ಅಕ್ಕಾರ, ಇಲ್ಲಿ ನೀವೇನು ಕೆಲಸ ಮಾಡ್ತೀರಿ?"

ಗೌರಕ್ಕ ಕಾವೇರಿಯತ್ತ ನೋಡಿದಳು. ಕಾವೇರಿ ಮೆಲ್ಲಗೆ ಹಿಟ್ಟಿನ ಪರಾತಕ್ಕೆ ಕೈ ಹಾಕಿದಳು.

"ಜ್ವಾಳದ ರೊಟ್ಟಿ ಮಾಡ್ತೇನ್ರಿ," ಎಂದಳು ಗೌರಕ್ಕ, ಒಂದೇ ಉಸಿರಿಗೆ. "ನಾ ಮಾಡ್ಲಿಲ್ಲಂದ್ರ ಹುಡಿಗ್ಯಾರು ಉಪಾಸ ಬೀಳತಾರ್ರಿ." ಆಮೇಲೆ ಮುಖ ಕೆಂಪಾಗಿ, ತಡೆಯಲಾರದೆ, "ದಿಮಾಕಿಗೆ ಅಂದಿಲ್ರೀ, ಇಕಿ ಕಲಿಸ್ಯಾಳ" ಎಂದು ಸೇರಿಸಿದಳು.

ಶಿವಯೋಗೀಶ ನಕ್ಕ. ಚನ್ನಯ್ಯ ನಗಲಿಲ್ಲ, ಕೈ ತೊಳೆದುಕೊಂಡರು.

"ಕಲಿಸಿದಾಕಿ ನೀವೇನ್ರಿ? ಹೆಸರು?"

"ಕಾವೇರಿ ರೀ. ಹುಬ್ಬಳ್ಳಿ ಗೋಪನಕೊಪ್ಪದಿಂದ ಬರ್ತೇನಿ. ನಾವು ಮೂರೂ ಮಂದಿ ಅಡಗಿಯವರು. ಸಹಾಯಕಿ ಅಲ್ಲ. ನಮ್ಮ ಹೆಸರಿನ ಮುಂದ ಕುಶಲ ಅಂತ ಬರೀಬೇಕ್ರಿ."

"ಹೇಳಿದಷ್ಟು ಹಗುರ ಇಲ್ಲ ತಂಗೀ ಅದು," ಎಂದರು ಚನ್ನಯ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. "ಕುಶಲ ಅಂದ್ರ ಎಲ್ಲಾರಿಗೂ ಬಾರದ್ದು, ಕಲೀಬೇಕಾದ್ದು. ರೊಟ್ಟಿ ನಮ್ಮವ್ವನೂ ಬಡೀತಿದ್ಲು, ನನ್ನ ಹೇಣ್ತಿನೂ ಬಡೀತಾಳ. ಇದಕ್ಕ ಕುಶಲ ಅಂತ ಬರದ್ರ ಇಡೀ ಧಾರವಾಡ ಜಿಲ್ಲಾನ ಕುಶಲ ಆಕ್ಕೈತಲ್ರಿ."

"ಆಗ್ಲಿ ಬಿಡ್ರಿ," ಎಂದಳು ಕಾವೇರಿ. "ಯಾರಿಗೆ ತ್ರಾಸು?"

ಶಾಹೀನ ಸೆರಗು ಬಾಯಿಗೆ ಹಿಡಿದುಕೊಂಡಳು.

"ಊರ ತುಂಬಾ ಮಂದಿಗೆ ಬರ್ತೈತಿ ಅಂದ್ರ ಅದು ಕೆಲಸ ಅಲ್ಲೇನ್ರಿ?" ಕಾವೇರಿ ಬಿಡಲಿಲ್ಲ. "ಸ್ಕೂಟರ್ ಎಲ್ಲಾರೂ ಹೊಡೀತಾರ. ಹಂಗಂತ ಡ್ರೈವರ್‌ಗೆ ಅಕುಶಲ ಅಂತ ಬರೀತೀರೇನು?"

"ಡ್ರೈವರ್‌ಗೆ ಲೈಸೆನ್ಸ್ ಇರ್ತೈತಿ. ನಿಮಗ ಯಾರು ಕೊಟ್ಟಾರ?"

ಕಾವೇರಿ ರಾತ್ರಿಯೆಲ್ಲ ಏನೇನೋ ಉತ್ತರ ಜೋಡಿಸಿಕೊಂಡಿದ್ದಳು, ಲೈಸೆನ್ಸಿನ ಮಾತು ಬರುತ್ತದೆ ಅಂತ ಹೊಳೆದಿರಲಿಲ್ಲ. ಆದರೆ ಬಾಗಿಲ ಹತ್ತಿರ ಫೋನ್ ನೋಡುತ್ತ ನಿಂತಿದ್ದ ಶಿವಯೋಗೀಶನನ್ನು ನೋಡಿ ಬೇರೊಂದು ಹೊಳೆಯಿತು.

"ಸರ, ಬಸವಜಯಂತಿ ಮುಂದ ನಮಗ ಮೂರೂ ಮಂದಿಗೆ ಒಮ್ಮೆಲೆ ಜ್ವರ ಬಂದಿತ್ತಲ್ಲ. ಆವಾಗ ಯಾರನ್ನ ಕಳಿಸಿದ್ರಿ?"

"ಅದೆಲ್ಲಾ ಈಗ್ಯಾಕ ಕಾವೇರಕ್ಕ?"

"ಹೇಳ್ರಿ. ಸಾಹೇಬ್ರು ಕೇಳ್ಲಿ."

"ಬ್ಯಾರೆ ಹೆಲ್ಪರ್ ಕಳಿಸಿದ್ವಿ. ಕಳಸ್ದ ಏನು ಮಾಡೂದು?"

"ರೊಟ್ಟಿ ಮಾಡಿದ್ರೇನ್ರಿ ಅವರು?"

ಶಿವಯೋಗೀಶ ಫೋನನ್ನು ಜೇಬಿಗೆ ಹಾಕಿಕೊಂಡ.

"ನಾ ಹೇಳ್ತೇನ್ರಿ," ಎಂದಳು ಶಾಹೀನ, ಹಂಚಿನ ಕಡೆ ತಿರುಗಿಯೇ. "ಅವರಿಗೂ ಮನ್ಯಾಗ ರೊಟ್ಟಿ ಬರ್ತಿತ್ರಿ. ಮನ್ಯಾಗ ನಾಕ ಮಂದಿಗೆ. ಇಲ್ಲಿ ನೂರಾರು ಹುಡಿಗ್ಯಾರು ತಾಟ ಹಿಡದ ನಿಂತ್ರ ಬಡದ ರೊಟ್ಟಿ ಹರದ ಹೋದ್ವು. ಕಡೀಕ ಖಾನಾವಳಿಯಿಂದ ಬುಟ್ಟಿಗಟ್ಟಲೆ ತರಸಿದ್ರು. ಅಲ್ಲಿ ಬಡಿಯೋರಿಗೆ ಯಾರೂ ಲೈಸೆನ್ಸ್ ಕೇಳಿಲ್ರಿ."

ಚನ್ನಯ್ಯ ಶಿವಯೋಗೀಶನ ಕಡೆ ತಿರುಗಿದರು. "ಖರೇನ?"

"ತರಸಿದ್ವಿರಿ ಸರ. ಎರಡ ದಿನದ ಮಾತದು."

"ಎರಡ ದಿನ ನಡಸಾಕ ಆಗ್ಲಿಲ್ಲಂದ್ರ—" ಚನ್ನಯ್ಯ ಗೋಡೆಗೆ ಒರಗಿದ್ದ ನಾಲ್ಕನೆಯ ಮಣೆ ನೋಡಿದರು, ಇದ್ಯಾರದು ಅಂತ ಕೇಳಲಿಲ್ಲ. "ಕಾವೇರಿ, ಸ್ವಲ್ಪ ಹೊರಗ ಬರ್ರಿ. ಶಿವಯೋಗೀಶ, ನೀವೂ."

ಪಡಸಾಲೆಯಲ್ಲಿ ಹುಡುಗಿಯರ ಬಟ್ಟೆ ಸಾಲಾಗಿ ಒಣಗುತ್ತಿದ್ದವು. ಕಿಟಕಿಯ ಆಚೆ ಒಳಗೆ ಬಡಿತ ಮತ್ತೆ ಶುರುವಾಯಿತು. ಗೌರಕ್ಕನದು ಎರಡು ಹಗುರ, ಒಂದು ಭಾರ. ಶಾಹೀನಳದು ಒಂದೇ ಸಮ. ಇಬ್ಬರನ್ನೂ ನೋಡದೆ ಕಾವೇರಿ ಯಾರ ಕೈ ಯಾವುದು ಅಂತ ಹೇಳಬಲ್ಲಳು.

ಶಿವಯೋಗೀಶ ಮತ್ತು ಚನ್ನಯ್ಯ ಬಟ್ಟೆಯ ಸಾಲಿನ ಆ ಬದಿಗೆ ನಿಂತು ಸಣ್ಣ ದನಿಯಲ್ಲಿ ಮಾತಾಡಿದರು. ವಾದವೇ ನಡೆಯಿತು. ತಿರುಗಿ ಬಂದಾಗ ಶಿವಯೋಗೀಶ ನಗುತ್ತಿದ್ದ.

"ಕಾವೇರಕ್ಕ, ಬಾಯಿ ಸಿಹಿ ಮಾಡ್ಸಬೇಕ ನೀ. ಸಾಹೇಬ್ರು ಒಪ್ಪ್ಯಾರ. ಈ ಸಲ ಹೊಸಾ ಹುದ್ದಾ ಒಂದು ಹಾಕ್ತೇವಿ. ಮುಖ್ಯ ಅಡಗಿಯವರು, ಕುಶಲ. ಅದು ನಿಂದ. ಕೊಳ್ಳಾಗಿನ ಕಾರ್ಡ್ ಬದಲಾಗ್ತೈತಿ, ಪಗಾರ ಬದಲಾಗ್ತೈತಿ. ನಿನ್ನ ಯಾರೂ ಎಲ್ಲೂ ಎತ್ತಿ ಹಾಕೂ ಹಂಗಿಲ್ಲ."

ಕಾವೇರಿಯ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಸಹಾಯಕಿ ಅಂತ ಬರೆದ ಕಾರ್ಡು ಬೆವರಿಗೆ ಕುಪ್ಪಸಕ್ಕೆ ಅಂಟಿಕೊಂಡಿತ್ತು. ಬೆಳಗಿನ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಬರುವಾಗ ಅದನ್ನು ಸೆರಗಿನೊಳಗೆ ಹಾಕಿಕೊಳ್ಳುವುದು ಅವಳ ರೂಢಿ. ಹೊಸ ಕಾರ್ಡು ಬಂದರೆ ಹೊರಗೆ ಹಾಕಿಕೊಂಡು ಕೂರಬಹುದು. ಒಂದು ಗಳಿಗೆ ಅವಳು ಆ ಬಸ್ಸಿನಲ್ಲಿ, ಕಿಟಕಿಯ ಬದಿಗೆ, ಕೂತೇಬಿಟ್ಟಳು.

"ಉಳಿದವರದು?"

"ಅವರು ನಿನ್ನ ಕೈಕೆಳಗ ಸಹಾಯಕರು. ಮುಖ್ಯ ಅಂದಮ್ಯಾಲ ಕೆಳಗ ಯಾರರ ಬೇಕಲ್ಲ?" ಶಿವಯೋಗೀಶ ಬೆರಳು ಮಡಚುತ್ತ ಹೇಳಿದ. "ರೊಟ್ಟಿ ಜವಾಬ್ದಾರಿ ನಂದು, ಇವರಿಬ್ಬರು ಬರೇ ಸಹಾಯ ಮಾಡ್ತಾರ ಅಂತ ನೀ ಒಂದ ಮಾತ ಸಾಹೇಬ್ರ ಮುಂದ ಹೇಳಿಬಿಡು. ಮುಗೀತು."

ಕಾವೇರಿ ಚನ್ನಯ್ಯನವರ ಕಡೆ ನೋಡಿದಳು. "ಹಂಗ ಹೇಳಲೇಬೇಕೇನ್ರಿ?"

"ಹೇಳಬೇಕಾಕ್ಕೈತಿ," ಎಂದರು ಅವರು. ನೋಟ ಬಟ್ಟೆಯ ಸಾಲಿನ ಮೇಲಿತ್ತು. "ಒಂದ ಹುದ್ದಾ ನಾ ಬದಲ ಮಾಡಬಹುದು, ಮೂರೂ ಮಂದಿಗೆ ಕುಶಲ ಅಂತ ಬರಿಯೂ ಅಧಿಕಾರ ನನಗಿಲ್ಲ ತಂಗೀ. ನೀವು ಇದನ್ನ ಒಪ್ಪಲಿಲ್ಲಂದ್ರ ತಕರಾರು ಐತಿ ಅಂತ ಬರದು ಮ್ಯಾಲಿನವರಿಗೆ ಕಳಿಸ್ತೇನಿ. ಅವರು ಏನು ಮಾಡ್ತಾರೋ ಹೇಳಾಕಾಗೂದಿಲ್ಲ. ಮೂವರಿಗೂ ಸಿಗಬಹುದು, ಮೂವರಿಗೂ ಹೋಗಬಹುದು. ಇದು ಕೈಯಾಗ ಬಂದದ್ದು."

ಒಳಗೆ ಬಡಿತ ನಿಂತಿತ್ತು. ಮೊದಲು ಶಾಹೀನಳದು, ಆಮೇಲೆ ಗೌರಕ್ಕನದು. ಹಂಚಿನ ಮೇಲೆ ಯಾವುದೋ ರೊಟ್ಟಿ ಕರಕಾಗುವ ವಾಸನೆ ಬಂತು.

ಈಗ ತಾನು ಹೇಳಬೇಕಾದ ಮಾತನ್ನು ಕಾವೇರಿ ಮನಸ್ಸಿನಲ್ಲೇ ಒಮ್ಮೆ ಆಡಿ ನೋಡಿದಳು. ಇವರಿಬ್ಬರು ಬರೇ ಸಹಾಯ ಮಾಡ್ತಾರ್ರಿ. ಏನಿಲ್ರಿ, ಸುಮ್ಮ ರೊಟ್ಟಿ ಬಡೀತಾರ್ರಿ. ಮೈಸೂರಿನ ಸಾಹೇಬರಿಗೆ ಗೊತ್ತಿಲ್ಲದೆ ಆದದ್ದನ್ನು ಈಗ ತಾನು ಗೊತ್ತಿದ್ದೂ ಮಾಡಬೇಕು. ಬೆಳಗಿನಿಂದ ಎಸೆದ ಹಿಟ್ಟೆಲ್ಲ ಯಾರ ಮುಖಕ್ಕೆ ಎಸೆದದ್ದು ಹಾಗಾದರೆ?

"ಒಲ್ಲೆರಿ," ಎಂದಳು.

ಶಿವಯೋಗೀಶ ನಕ್ಕ. "ಸಂಕೋಚ ಯಾಕ? ನಿನ್ನ ಹಕ್ಕಿಂದು. ತಗೋ."

"ಒಲ್ಲೆರಿ ಸರ."

"ಇರ್ಲಿ, ಅವರಿಬ್ರೂ ಬೇಜಾರ ಮಾಡ್ಕೊಳ್ಳೂದಿಲ್ಲ. ನಾ ಹೇಳ್ತೇನಿ ಅವರಿಗೆ."

ಕಿಟಕಿಯಲ್ಲಿ ಗೌರಕ್ಕನ ಮುಖ ಕಂಡಿತು. ಹಣೆಯ ಮೇಲಿನ ಹಿಟ್ಟನ್ನು ಅವಳು ಇನ್ನೂ ಒರೆಸಿಕೊಂಡಿರಲಿಲ್ಲ. "ತಗೋ ಕಾವೇರಿ. ನಾ ಇನ್ನೆಷ್ಟು ದಿನಾ ಬಡದೇನು? ಒಬ್ಬಾಕಿನರ ಮ್ಯಾಲ ಬಾ."

"ನೀ ಸುಮ್ಮಿರ ಯಕ್ಕಾ."

"ಈಗ ನೀನ ಅಂದಿ ನೋಡ ಸುಮ್ಮ," ಎಂದಳು ಗೌರಕ್ಕ.

ಚನ್ನಯ್ಯ ಚೀಲದಿಂದ ಪೆನ್ನು ತೆಗೆದರು. ಮುಚ್ಚಳ ಬಿಚ್ಚಿ, ಅಡುಗೆಮನೆಯಲ್ಲಿ ತಾವು ರೊಟ್ಟಿ ಬೇಡ ಅಂದದ್ದು ನೆನಪಾಯಿತೋ ಏನೋ, ತುಸು ನಕ್ಕರು. "ಎರಡ ಸಲ ಅಂದ್ರಿ. ನಾವೂ ಇದ ಊರಿನವ್ರು, ತಂಗೀ. ಉಪಚಾರ ಆತು, ಇನ್ನ ಮೂರನೇದಕ್ಕ ಹೂಂ ಅನ್ರಿ. ಬರದುಬಿಡ್ತೇನಿ."

ಕಾವೇರಿ ಕೊರಳಿನ ಕಾರ್ಡನ್ನು ಸೆರಗಿನಿಂದ ಹೊರಗೆ ಎಳೆದಳು. ಎಲ್ಲರಿಗೂ ಕಾಣುವ ಹಾಗೆ ಎದೆಯ ಮೇಲೆ ನೆಟ್ಟಗೆ ಮಾಡಿಕೊಂಡಳು.

"ಅದು ಉಂಡು ಬಂದವರ ಒಲ್ಲೆರಿ ಸಾಹೇಬ್ರ," ಎಂದಳು. "ಇದು ಅದಲ್ಲ. ತಕರಾರು ಐತಿ ಅಂತ ಬರೀರಿ. ಮೂರೂ ಹೆಸರು ಬರೀರಿ. ನನಗೊಬ್ಬಾಕಿಗೆ ಒಲ್ಲೆ."