ತೊಳೆಯದ ಟ್ಯೂಬು

ಹಳೆಯ ಗಡಿಯಾರಗಳ ಸಂಗ್ರಹಾಲಯಕ್ಕೆ ವೆಬ್‌ಸೈಟು ಕಟ್ಟುತ್ತಿದ್ದವಳಿಗೆ ಬೆಳಗಿನಿಂದ ತಲೆ ಕೆಟ್ಟುಹೋಗಿತ್ತು. ಮುನ್ನೂರು ಗಡಿಯಾರಗಳ ಪಟ್ಟಿಯನ್ನು ಅವಳು ಬರೆದ ಟೆಂಪ್ಲೇಟು, ಅಂದರೆ ಪುಟದ ಅಚ್ಚು, ಒಂದೊಂದಾಗಿ ಓದಿ, ಪ್ರತಿ ಚಿತ್ರದ ಕೆಳಗೆ ಆ ಗಡಿಯಾರ ಕೊಟ್ಟ ದಾನಿಯ ಹೆಸರು ಬರೆಯಬೇಕು. ಹನ್ನೆರಡು ಕಡೆ ಮಾತ್ರ ಸಂಬಂಧವೇ ಇಲ್ಲದವರ ಹೆಸರು ಬಂದು ಕೂತಿತ್ತು.

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಚಿಕ್ಕಮ್ಮ ಕಾಫಿ ಹೀರುತ್ತಾ ಪಕ್ಕಕ್ಕೆ ಬಂದು ಕೂತರು. ಅವರಿಗೆ ಕಂಪ್ಯೂಟರಿನ ಗಂಧಗಾಳಿಯೂ ಇರಲಿಲ್ಲ. ಪಟ್ಟಿಯನ್ನೂ ಪುಟವನ್ನೂ ಎರಡು ಸಲ ತಾಳೆ ನೋಡಿದರು, ಅಷ್ಟೇ.

"ತಪ್ಪಾಗಿರೋದೆಲ್ಲ ಕೊಟ್ಟವರ ಹೆಸರು ಗೊತ್ತಿಲ್ಲದ ಗಡಿಯಾರಗಳೇ ಕಣೇ. ಅದರ ಹಿಂದಿನ ಗಡಿಯಾರ ಕೊಟ್ಟವರ ಹೆಸರೇ ಇಲ್ಲೂ ಉಳ್ಕೊಂಡಿದೆ. ಟ್ಯೂಬ್ ತೊಳೀದೆ ಮುಂದಿನವರ ರಕ್ತ ನೋಡಿದ್ದೀಯ ನೀನು!"

ಅವಳು ನಾಲಿಗೆ ಕಚ್ಚಿಕೊಂಡಳು. ಪಟ್ಟಿಯಲ್ಲಿ ಹೆಸರಿದ್ದರೆ ಅದನ್ನು ಹಿಡಿದಿಡುವ 'ದಾನಿ' ಎಂಬ ವೇರಿಯಬಲ್ಲಿಗೆ ತುಂಬು ಎಂದು ಬರೆದಿದ್ದಳು. ಇಲ್ಲದಿದ್ದರೆ ಏನು ಮಾಡಬೇಕೆಂದು ಬರೆದೇ ಇರಲಿಲ್ಲ. ಹಾಗಾಗಿ ಹಳೆಯ ಹೆಸರು ಜಾಗ ಬಿಟ್ಟು ಕದಲಿರಲಿಲ್ಲ. ಪ್ರತಿ ಗಡಿಯಾರದ ಸರದಿಯ ಆರಂಭದಲ್ಲೇ 'ದಾನಿ'ಯನ್ನು ಖಾಲಿ ಮಾಡುವ ಒಂದು ಸಾಲು ಸೇರಿಸಿದಳು. ಹನ್ನೆರಡೂ ತಪ್ಪು ಹೆಸರುಗಳು ಮಾಯವಾದವು.

"ಕಂಪ್ಯೂಟರ್ ಓದಿರೋದು ನಾನು! ನಿಮಗೆ ಹೇಗೆ ಹೊಳೀತು ಚಿಕ್ಕಮ್ಮ?"

"ಇದರಲ್ಲೇನು ಮಹಾ!" ಎನ್ನುತ್ತಾ ಅವರು ಇನ್ನರ್ಧ ಲೋಟ ಕಾಫಿಗೆಂದು ಎದ್ದರು. ಅದೇ ಲೋಟ, ಅದೇ ಕಾಫಿ, ಕುಡಿಯುವವರೂ ಅವರೇ. ಆದರೂ ನಲ್ಲಿ ತಿರುಗಿಸಿ, ಲೋಟ ತೊಳೆದೇ ಕಾಫಿ ಬಗ್ಗಿಸಿಕೊಂಡರು. ಈ ಗೀಳಿಗೆ ಇಷ್ಟು ವರ್ಷ ನಕ್ಕವಳು ಇಂದು ತನ್ನ ಲೋಟ ಹಿಡಿದು, ತೆಪ್ಪಗೆ ಅವರ ಹಿಂದೆ ನಲ್ಲಿಯ ಬಳಿ ನಿಂತಳು.