ಕೆಟ್ಟ ದುರ್ಬೀನು

ದುರ್ಬೀನಿನಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿ ತಲೆಕೆಳಗಾಗಿ ನಿಂತಿತ್ತು. ಅದಕ್ಕೇನೂ ದಸ್ತಗೀರ ಗಾಬರಿಯಾಗಲಿಲ್ಲ. ಇಂಥದರಲ್ಲಿ ಎಲ್ಲವೂ ಉಲ್ಟಾ ಕಾಣುತ್ತದೆ, ಆಕಾಶ ನೋಡುವವರಿಗೆ ಅದರಿಂದ ತೊಂದರೆಯಿಲ್ಲ ಎಂದು ಮಗಳು ಅಲ್ಫಿಯಾ ಮೂರು ದಿನದಿಂದ ಪಾಠ ಮಾಡಿದ್ದಳು. ಅವನ ಗಾಬರಿ ಬೇರೆಯದು. ಚಿಮಣಿ ಒಂದಲ್ಲ, ಎರಡಿದ್ದವು. ಎರಡನೆಯದು ಮೊದಲನೆಯದರ ಬೆನ್ನಿಗೆ ಅಂಟಿಕೊಂಡು, ಹಾಲಿನಲ್ಲಿ ಅದ್ದಿ ತೆಗೆದಂತೆ ಮಸುಕಾಗಿತ್ತು.

“ಕಂಡ್ತೇನ್ರಿ ಅಬ್ಬಾ?”

“ಕಾಣಸ್ತೈತಿ. ಆದ್ರ ಎರಡೆರಡು ಕಾಣಸ್ತೈತಿ.”

ಅಲ್ಫಿಯಾ ಬಗ್ಗಿ, ಪಕ್ಕದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿದಳು. “ನನಗ ಒಂದ ಕಾಣಾಕತ್ತೈತಲ್ರಿ. ಚಿಮಣಿಗೆ ಹಚ್ಚಿದ ಏಣಿ ಮೆಟ್ಲಾ ಸುದ್ದಾ ಎಣಿಸಬಹುದು.”

ದಸ್ತಗೀರ ಮತ್ತೆ ಕಣ್ಣಿಟ್ಟ. ತಿರುಪನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಚಿಮಣಿ ಉಬ್ಬಿತು, ಸೊರಗಿತು, ಆದರೆ ತನ್ನ ಜೋಡಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಸಂಜೆ ಐದರ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ನಿಂತು ಅವನು ತಲೆ ಕೆರೆದುಕೊಂಡ. ಮಗಳ ಕಣ್ಣಿಗೆ ಒಂದು, ತನ್ನ ಕಣ್ಣಿಗೆ ಎರಡು. ಯಂತ್ರ ಅಂದಮೇಲೆ ಮನುಷ್ಯನನ್ನು ನೋಡಿ ವ್ಯವಹಾರ ಮಾಡುತ್ತದೆಯೇ?

“ಇದು ಕೆಟ್ಟೈತಿ,” ಎಂದು ತೀರ್ಪು ಕೊಟ್ಟ. “ವಾಪಸ್ ಕೊಡೋಣು.”

ಅಲ್ಫಿಯಾಳ ಮುಖ ಸಣ್ಣದಾಯಿತು. ಹಿಂದಿನ ಸಂಜೆಯಷ್ಟೇ ಇದೇ ದುರ್ಬೀನಿನಲ್ಲಿ ಅವಳು ಗುರುಗ್ರಹದ ಅಕ್ಕಪಕ್ಕ ನಾಲ್ಕು ಚುಕ್ಕಿ ನೋಡಿ, ಕೆಳಗಿಳಿದು ಅಮ್ಮನನ್ನು ತಬ್ಬಿಕೊಂಡಿದ್ದಳು. ಕೆಟ್ಟ ದುರ್ಬೀನಿನಲ್ಲಿ ನಾಲ್ಕು ಚಂದ್ರರು ಹೇಗೆ ಕಂಡರು ಎಂದು ಕೇಳಬೇಕೆನಿಸಿತು, ಆದರೆ ಅಬ್ಬನಿಗೆ ಎದುರು ಮಾತಾಡಿ ಅವಳಿಗೆ ರೂಢಿಯಿರಲಿಲ್ಲ. ದುರ್ಬೀನಿನ ಕಾಲು ಮಡಚತೊಡಗಿದಳು.

ದಸ್ತಗೀರನ ಕಣ್ಣಿನ ಬಗ್ಗೆ ಉಗಾರ ಖುರ್ದದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕಾರ್ಖಾನೆಯಲ್ಲಿ ಅವನದು ಪ್ಯಾನ್‌ಮನ್ ಕೆಲಸ. ಮನೆಯಷ್ಟು ಎತ್ತರದ ಹಂಡೆಯಲ್ಲಿ ಕುದಿಯುವ ಪಾಕವನ್ನು ಗಾಜಿನ ತುಂಡಿನ ಮೇಲೆ ತೆಗೆದು, ಬೆಳಕಿಗೆ ಹಿಡಿದು, ಸಕ್ಕರೆಯ ಹರಳು ಕಟ್ಟಿತೋ ಇಲ್ಲವೋ ಎಂದು ಅವನು ಹೇಳಬೇಕು. ಅವನು ಆಯಿತು ಎಂದರೆ ಆಯಿತು. ಇಪ್ಪತ್ತಾರು ವರ್ಷ ಆ ಮಾತು ತಪ್ಪಿರಲಿಲ್ಲ. ಈಚೆಗೆ ಅವನು ಗಾಜನ್ನು ಬೆಳಕಿಗೆ ಹಿಡಿಯುವುದು ಬರೀ ತೋರಿಕೆಗೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹರಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ಅಂದಾಜು ಕಟ್ಟುತ್ತಿದ್ದ.

ಅದೇ ಕಣ್ಣು ಊರಿಗೆ ರಂಜಾನ್ ಚಂದ್ರನಿಗೂ ಬೇಕಾಗಿತ್ತು. ಎಳೆಯ ಚಂದ್ರ ಕಂಡ ಮೇಲೆಯೇ ಉಪವಾಸ ಶುರು. ಆಕಾಶ ಸ್ವಚ್ಛವಾಗಿದ್ದರೆ ಎಲ್ಲರಿಗೂ ಕಾಣುತ್ತದೆ, ಗಲಾಟೆಯಿಲ್ಲ. ಮೋಡ ಮುಸುಕಿದ್ದರೆ, ಇಲ್ಲವೇ ಕಾರ್ಖಾನೆಯ ಹೊಗೆ ಪಡುವಣಕ್ಕೆ ಪರದೆ ಕಟ್ಟಿದ್ದರೆ, ನಂಬಿಗಸ್ತರೊಬ್ಬರು ‘ನನ್ನ ಕಣ್ಣಿಂದ ನೋಡೀನಿ’ ಎಂದು ಸಾಕ್ಷಿ ಹೇಳಬೇಕು. ಹದಿನೈದು ವರ್ಷದಿಂದ ಆ ನಂಬಿಗಸ್ತ ದಸ್ತಗೀರನೇ.

ಹೋದ ವರ್ಷವೂ ಅವನೇ. ಪಕ್ಕದಲ್ಲಿ ನಿಂತ ಇಬ್ಬರು ಹುಡುಗರು ‘ಅಗೋ ಅಲ್ಲಿ’ ಎಂದು ಕೈಮಾಡಿದರು. ಇವನಿಗೆ ಕಂಡದ್ದು ಬರೀ ಬೂದಿ ಬಣ್ಣ. ಮೌಲಾನಾ ಹುಡುಗರನ್ನು ಬಿಟ್ಟು ಇವನ ಮುಖ ನೋಡಿದರು. ಬಾಯಿ ತಾನೇ ತೆರೆದುಕೊಂಡು “ಹೌದ್ರಿ, ಕಂಡ್ತು” ಎಂದುಬಿಟ್ಟಿತು. ಮೈಕಿನಲ್ಲಿ ಸಾರಿದರು, ಜನ ಮುಬಾರಕ್ ಹೇಳಿ ಕೈ ಕುಲುಕಿದರು. ಚಂದ್ರ ಇದ್ದದ್ದೇನೋ ನಿಜ. ಮರುದಿನ ಸುತ್ತಲಿನ ಎಲ್ಲ ಊರಲ್ಲೂ ಉಪವಾಸ ಶುರುವಾಯಿತು. ಆದರೆ ನೋಡಿದೆ ಎಂದದ್ದು ಹಸಿ ಸುಳ್ಳು. ಆ ಸುಳ್ಳು ಅಂದಿನಿಂದ ಅವನ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತ್ತು.

ಕಣ್ಣಿನ ದವಾಖಾನೆಗೆ ಹೋಗಬಹುದಿತ್ತು. ಹೋದರೆ ಡಾಕ್ಟರು ಯಾವಾಗಿನಿಂದ ಎಂದು ಕೇಳುತ್ತಾರೆ. ಡಾಕ್ಟರು ಕೇಳಿದ್ದನ್ನು ಊರೂ ಕೇಳುತ್ತದೆ. ಊರು ಲೆಕ್ಕ ಹಾಕಿದರೆ ಹೋದ ವರ್ಷದ ಸಾಕ್ಷಿ ನೇರ ಅವನ ಕೊರಳಿಗೇ ಬರುತ್ತದೆ.

ಹೀಗಿರುವಾಗ, ಹತ್ತನೆಯ ತರಗತಿಯ ಮಗಳು ದುರ್ಬೀನು ಬೇಕೆಂದಾಗ ಅವನು ಒಂದೇ ಮಾತಿಗೆ ಹೂಂ ಎಂದ. ಹೆಂಡತಿ ಮಮತಾಜಳಿಗೆ ನಂಬಿಕೆಯೇ ಬರಲಿಲ್ಲ. ಚಪ್ಪಲಿ ತರಲು ಎಂಟು ದಿನ ಯೋಚಿಸುವ ಮನುಷ್ಯ ಇವನು. ಆದರೆ ಅಪ್ಪ ಮಗಳಿಗೆ ಆಕಾಶದ ಹುಚ್ಚು ಹಳೆಯದು. ಅಲ್ಫಿಯಾ ಐದು ವರ್ಷದವಳಿದ್ದಾಗಿನಿಂದ ಇಬ್ಬರೂ ಮುಸ್ಸಂಜೆಯ ಮಗ್ರಿಬ್ ನಮಾಜಿನ ನಂತರ ಮಾಳಿಗೆ ಹತ್ತಿ ಕೃತ್ತಿಕೆಯ ಗೊಂಚಲು ಎಣಿಸುತ್ತಿದ್ದರು. ಅವಳಿಗೆ ಆರು ಕಂಡರೆ ಅವನಿಗೆ ಏಳು. “ನಿನ್ನ ಕಣ್ಣಿಗೆ ಇನ್ನೂ ಹಾಲು ಹತ್ತೇತಿ” ಎಂದು ಛೇಡಿಸುತ್ತಿದ್ದ. ಈಗಲೂ ಕೇಳಿದರೆ ಏಳು ಎಂದೇ ಹೇಳುತ್ತಿದ್ದ. ಅಲ್ಲಿ ಅವನಿಗೆ ಬರೀ ಒಂದು ಮಬ್ಬು ಕಲೆ ಕಾಣುತ್ತಿತ್ತು, ಕೆಲವು ದಿನ ಅದೂ ಇಲ್ಲ.

ಯಾವ ದುರ್ಬೀನು ಎಂಬುದೇ ದೊಡ್ಡ ಗೊಂದಲ. ಅಲ್ಫಿಯಾ ನೋಟ್‌ಬುಕ್ಕಿನ ನಾಲ್ಕು ಪುಟ ತುಂಬಿಸಿದ್ದಳು. ಮಸೂರದ್ದು ಹಗುರ, ಆದರೆ ಕಾಲು ನಡುಗುತ್ತದೆ. ಕನ್ನಡಿಯದ್ದು ಬೆಳಕು ಹೆಚ್ಚು ಹಿಡಿಯುತ್ತದೆ, ಆದರೆ ಅದರ ಕನ್ನಡಿಯನ್ನು ಆಗಾಗ ಸರಿ ಕೂಡಿಸಬೇಕು. ಡಬ್ಬಿಯ ಮೇಲೆ ಐನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಬರೆದಿದ್ದರೆ ಅದು ಮೋಸ, ಓಡಿಹೋಗಬೇಕು. ಶಾಲೆಯ ಸೀಮಾ ಟೀಚರು ಹೇಳುವುದು ಇನ್ನೊಂದು: ಕಲಿಯುವವರಿಗೆ ಮೊದಲು ಒಳ್ಳೆ ಬೈನಾಕ್ಯುಲರ್ ಸಾಕು. ದಸ್ತಗೀರ ಎಲ್ಲವನ್ನೂ ಕೇಳಿ ಕೊನೆಗೆ ಕೇಳುತ್ತಿದ್ದದ್ದು ಒಂದೇ: “ಇದರಾಗ ಎಳಿ ಚಂದ್ರ ಕಾಣಸ್ತಾನೇನು?” ಉಂಗುರದ ಶನಿಯನ್ನು ಬಿಟ್ಟು ಅಬ್ಬ ದಿನಾ ಕಾಣುವ ಚಂದ್ರನಿಗೆ ಯಾಕೆ ಜೋತುಬಿದ್ದಿದ್ದಾರೆ ಎಂದು ಅವಳಿಗೆ ತಿಳಿಯಲಿಲ್ಲ. ಕೊನೆಗೆ ಮಸೂರದ್ದನ್ನೇ ತರಿಸಿದ್ದರು.

ರವಿವಾರ ಇಬ್ಬರೂ ದುರ್ಬೀನು ಹೊತ್ತುಕೊಂಡು ಚಿಕ್ಕೋಡಿಗೆ ಬಸ್ಸು ಹತ್ತಿದರು. ಅದನ್ನು ತರಿಸಿಕೊಟ್ಟವನು ನಾಮದೇವ. ಬಸ್ ಸ್ಟ್ಯಾಂಡಿನ ಎದುರು ಅವನ ಚಷ್ಮಾ ಅಂಗಡಿ. ಅವನು ದುರ್ಬೀನನ್ನು ಬಾಗಿಲಿಗೆ ಇಟ್ಟು, ದೂರದ ನೀರಿನ ಟಾಕಿ ನೋಡಿ, “ದುರ್ಬೀಣ ಚಾಂಗಲಿ ಆಹೆ, ಭಾವೂ” ಎಂದು ಮರಾಠಿಯಲ್ಲಿ ಅಂದು, ಮತ್ತೆ ಕನ್ನಡಕ್ಕೆ ಬಂದ. “ಭಾಳ ಚಲೋ ಐತ್ರಿ ಇದು.”

“ಎರಡೆರಡು ಕಾಣಸ್ತೈತ್ರಿ.”

ನಾಮದೇವ ಅಲ್ಫಿಯಾಳನ್ನು ನೋಡಿದ. ಅವಳು ನೆಲ ನೋಡಿದಳು. ಆಮೇಲೆ ಅವನು ಮೆಲ್ಲಗೆ ಕೇಳಿದ, “ನಿಮ್ಮ ಕಣ್ಣ ಯಾವಾಗರ ತೋರಿಸೀರೇನ್ರಿ? ಇಲ್ಲೇ ನೋಡೂಣು ಬರ್ರಿ, ಐದ ನಿಮಿಷದ ಕೆಲಸ.”

ದಸ್ತಗೀರನ ಕಿವಿ ಕೆಂಪಾದವು. “ನಾ ದುರ್ಬೀನ ತೋರ್ಸಾಕ ಬಂದೇನಿ, ಕಣ್ಣ ತೋರ್ಸಾಕಲ್ಲ,” ಎಂದ. ನಾಮದೇವ ವ್ಯಾಪಾರಿ. ಕನ್ನಡಿಯ ದುರ್ಬೀನೊಂದನ್ನು ತಂದಿಟ್ಟ. ಅದರಲ್ಲೂ ನೀರಿನ ಟಾಕಿಗೆ ಒಬ್ಬ ಅವಳಿ ತಮ್ಮನಿದ್ದ. ಇದೂ ಕೆಟ್ಟದ್ದು! ಒಂದೇ ಅಂಗಡಿಯಲ್ಲಿ ಎರಡು ಕೆಟ್ಟ ಮಾಲು ಹೇಗೆ ಬಂದವು ಎಂದು ಅವನಿಗೆ ಬಗೆಹರಿಯಲಿಲ್ಲ. ಬಗೆಹರಿಸಿಕೊಳ್ಳುವ ಧೈರ್ಯವೂ ಇರಲಿಲ್ಲ.

ಕೊನೆಗೆ ಬೈನಾಕ್ಯುಲರ್ ಬಂತು. ಎರಡೂ ಕಣ್ಣಿಗೆ ಒತ್ತಿಕೊಂಡು ಅವನು ಬೀದಿಯತ್ತ ತಿರುಗಿದ. ಬಸ್ ಸ್ಟ್ಯಾಂಡಿಗೆ ಕೆಂಪು ಬಸ್ಸೊಂದು ಬಂದು ನಿಲ್ಲುತ್ತಿತ್ತು.

“ರಾಯಬಾಗ,” ಎಂದು ಅದರ ಬೋರ್ಡು ಓದಿದ. ಓದಿ, ಖುಷಿಯಿಂದ ನಕ್ಕೇಬಿಟ್ಟ. “ನೋಡು, ಇದು ಖರೇ ಸಾಮಾನು. ಇದರಾಗ ಉಲ್ಟಾನೂ ಇಲ್ಲ.”

ಹನ್ನೆರಡೂವರೆಗೆ ಆ ಕಡೆಯಿಂದ ಹೊರಡುವುದು ರಾಯಬಾಗದ ಬಸ್ಸೇ, ಊರಿಗೆ ಮರಳಲು ತಾವಿಬ್ಬರೂ ಕಾಯುತ್ತಿದ್ದುದು ಅದಕ್ಕೇ ಎಂಬುದು ಅವನಿಗೆ ಹೊಳೆಯಲಿಲ್ಲ. ಕಣ್ಣು ಓದಿತೋ, ನೆನಪು ಓದಿತೋ ಎಂದು ಪರೀಕ್ಷಿಸುವ ಗೋಜಿಗೆ ಅವನು ಹೋಗಲಿಲ್ಲ. ಇಷ್ಟು ದಿನ ತಪ್ಪು ಯಂತ್ರದ್ದೇ, ತನ್ನದಲ್ಲ ಎಂದು ಹಗುರಾದ. ಅಲ್ಫಿಯಾ ದುರ್ಬೀನಿನ ಬದಲಿಗೆ ಬಂದ ಬೈನಾಕ್ಯುಲರನ್ನು ಮಡಿಲಲ್ಲಿಟ್ಟುಕೊಂಡು ಊರು ಬರುವತನಕ ಕಿಟಕಿಯಾಚೆ ನೋಡುತ್ತ ಕೂತಳು. ಅವಳ ಕಣ್ಣಿನ ತುಂಬ ಗುರುವಿನ ಆ ನಾಲ್ಕು ಚುಕ್ಕಿಗಳೇ ಇದ್ದವು.

ಹತ್ತು ದಿನ ಕಳೆದು, ರಂಜಾನಿಗೆ ಮುಂಚಿನ ಶಾಬಾನ್ ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ, ಎಳೆಯ ಚಂದ್ರನನ್ನು ಹುಡುಕುವ ಸಂಜೆ, ಬಂತು. ಕಾರ್ಖಾನೆಯ ಹಂಗಾಮು ಭರ್ತಿ ನಡೆದಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ಸಾಲು ನಿಂತಿದ್ದವು. ಪಡುವಣದ ತುಂಬ ಹೊಗೆ. ದಸ್ತಗೀರನ ಮನೆಯ ಕೆಳಗಿನ ಓಣಿಯಲ್ಲಿ ಜನ ಸೇರಿದರು. ಮಸೀದಿ ಕಮಿಟಿಯ ಸೆಕ್ರೆಟರಿ ಫಿರೋಜ, ಅವನ ಪಕ್ಕದಲ್ಲಿ ಮೌಲಾನಾ. ಮಾಳಿಗೆಯ ಮೇಲೆ ಅಪ್ಪ ಮಗಳು ಇಬ್ಬರೇ. ಮಮತಾಜ ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು.

“ಹೊತ್ತ ಪೂರಾ ಮುಣಗೂತನಾ ಅದನ್ನ ಕಣ್ಣಿಗೆ ಹಚ್ಚಬ್ಯಾಡ್ರಿ ಅಬ್ಬಾ, ಕಣ್ಣ ಹ್ವಾದಾವು,” ಎಂದು ಅಲ್ಫಿಯಾ ಎಚ್ಚರಿಸಿದಳು. ಅವನು ತಲೆಯಾಡಿಸಿದ.

ಸೂರ್ಯ ಮುಳುಗಿ ಹತ್ತು ನಿಮಿಷವಾದ ಮೇಲೆ ಬೈನಾಕ್ಯುಲರ್ ಎತ್ತಿದ. ಮೊದಲು ಗುರುತಿಗೆಂದು ಚಿಮಣಿ ಹುಡುಕಿದ. ಸಿಕ್ಕಿತು. ಒಂದಲ್ಲ, ಎರಡು. ಅದೇ ಮಸುಕು ಬೆನ್ನು, ಅದೇ ಹಾಲಿನ ಪೊರೆ. ಮೂರು ಯಂತ್ರಗಳು ಮಾತಾಡಿಕೊಂಡು ಒಂದೇ ಸುಳ್ಳು ಹೇಳಲಾರವು. ಕೆಟ್ಟದ್ದು ಯಾವುದು ಎಂಬ ಗೊಂದಲ ಒಂದು ಕ್ಷಣದಲ್ಲಿ ಮುಗಿದುಹೋಯಿತು. ಅದರ ಜಾಗಕ್ಕೆ ಇನ್ನೊಂದು ಬಂತು: ಈಗ ಏನು ಹೇಳಲಿ?

“ಕೊಡ್ರಿಲ್ಲೆ,” ಎಂದು ಅಲ್ಫಿಯಾ ಬೈನಾಕ್ಯುಲರ್ ತೆಗೆದುಕೊಂಡಳು. ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿದಳು, ಒಂದು ಕಡೆ ನಿಂತಳು. “ಕಂಡ್ತ್ರಿ ಅಬ್ಬಾ. ಹೊಗಿ ಮ್ಯಾಲ, ಚಿಮಣಿ ಬಲಕ್ಕ. ಕೂದಲಷ್ಟ ಸಣ್ಣಂದು.” ಅವನ ಕೈಗೆ ಕೊಟ್ಟಳು. ಅವನು ನೋಡಿದ. ಎಲ್ಲೂ ಏನೂ ಇಲ್ಲ.

“ದಸ್ತಗೀರಭಾಯ್, ಕಂಡ್ತೇನ್ರಿ?” ಕೆಳಗಿನಿಂದ ಫಿರೋಜ ಕೂಗಿದ.

ಅಲ್ಫಿಯಾ ಅಬ್ಬನನ್ನೇ ನೋಡುತ್ತಿದ್ದಳು. ಅವನ ಬೈನಾಕ್ಯುಲರ್ ಚಿಮಣಿಯ ಎಡಕ್ಕೆ, ಬರಿಯ ಹೊಗೆಯತ್ತ ತಿರುಗಿತ್ತು. ಅವಳು ಹತ್ತಿರ ಬಂದು, ಅವನ ತೋಳು ಹಿಡಿದು, ಪಿಸುಗುಟ್ಟಿದಳು.

“ಹೌದು ಅನ್ರಿ ಅಬ್ಬಾ. ನಾ ನೋಡೇನಲ್ಲ. ಕೋಡು ಎರಡೂ ಮ್ಯಾಲಕ್ಕ ಅದಾವ. ಯಾರರ ಕೇಳಿದ್ರ ಹಂಗ ಹೇಳ್ರಿ.”

ಚಂದ್ರ ಇದ್ದಾನೆ. ಹೌದು ಎಂದರೆ ಯಾರಿಗೂ ನಷ್ಟವಿಲ್ಲ. ಹೋದ ವರ್ಷವೂ ಹೀಗೇ ಅಂದುಕೊಂಡಿದ್ದ. ಆದರೆ ಹೋದ ವರ್ಷ ಸುಳ್ಳು ಅವನೊಬ್ಬನದೇ ಇತ್ತು. ಈಗ ಹದಿನೈದರ ಮಗಳು ಅಪ್ಪನ ಮರ್ಯಾದೆ ಕಾಯಲು ಅವನ ಕಿವಿಯಲ್ಲಿ ಸುಳ್ಳುಸಾಕ್ಷಿ ಹೇಳಿಕೊಡುತ್ತಿದ್ದಳು. ಅದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಗೋಡೆಯ ಅಂಚಿಗೆ ಬಂದು ನಿಂತ.

“ನನಗ ಕಾಣಲಿಲ್ರಿ,” ಎಂದ. “ಹ್ವಾದ ವರ್ಷಾನೂ ಕಂಡಿದ್ದಿಲ್ಲ. ಕಂಡ್ತು ಅಂತ ಸುಳ್ಳ ಹೇಳಿದ್ದೆ. ನನ್ನ ಕಣ್ಣ ಹೋಗ್ಯಾವು. ಇವತ್ತ ನೋಡಿದಾಕಿ ನನ್ನ ಮಗಳು. ಆಕಿನ್ನ ಕೇಳ್ರಿ.”

ಕೆಳಗೆ ಯಾರೋ ಕೆಮ್ಮಿದರು. ಫಿರೋಜ ತಲೆ ತಗ್ಗಿಸಿದ. ಮೌಲಾನಾ ಗಡ್ಡ ನೀವಿಕೊಂಡು ಮುಖ ಮೇಲೆತ್ತಿದರು. “ಹ್ವಾದ ವರ್ಷದ್ದು ನಿಮ್ಮ ಮತ್ತ ಅಲ್ಲಾಹನ ನಡುವಿನ ಮಾತು. ಬೇಟಿ, ಆ ಯಂತ್ರ ಕೆಳಗಿಡು. ಬರೇ ಕಣ್ಣಿಂದ ಕಾಣಸ್ತೈತೇನು ನೋಡು.”

ಅಲ್ಫಿಯಾ ಬರಿಗಣ್ಣಿಂದ ಹುಡುಕಿದಳು. ಒಂದು ನಿಮಿಷ, ಎರಡು ನಿಮಿಷ. ಹೊಗೆ ಸ್ವಲ್ಪ ಸರಿಯಿತು. “ಕಾಣಸ್ತೈತ್ರಿ,” ಎಂದು ಬೆರಳು ತೋರಿಸಿದಳು. ಕೋಡು ಯಾವ ಕಡೆ ಎಂದು ಕೇಳಿದರು. ಎರಡೂ ಮೇಲಕ್ಕೆ ಎಂದಳು. ಎಷ್ಟು ಎತ್ತರ ಎಂದು ಕೇಳಿದರು. ಚಾಚಿದ ಕೈಯ ನಾಲ್ಕು ಬೆರಳಷ್ಟು ಎಂದಳು. ಸ್ವಂತ ಕಣ್ಣಿಂದ ನೋಡಿದ್ದು ಖರೇ ಏನು ಎಂದು ಕೇಳಿದರು. ಖರೇ ಎಂದಳು. ಮೌಲಾನಾ ತಲೆಯಾಡಿಸಿ ಮಸೀದಿಯತ್ತ ನಡೆದರು, ಜನ ಅವರ ಹಿಂದೆ ಹೋದರು. ಈ ಸಲ ದಸ್ತಗೀರನ ಕೈ ಕುಲುಕಲು ಯಾರೂ ಮೆಟ್ಟಿಲು ಹತ್ತಿ ಬರಲಿಲ್ಲ.

ಮೈಕಿನಲ್ಲಿ ಚಂದ್ರದರ್ಶನ ಸಾರಿದ್ದು ಕೇಳಿಸಿತು. ಮಮತಾಜ ಕಣ್ಣೊರೆಸಿಕೊಂಡು ಕೆಳಗಿಳಿದಳು. ನೆತ್ತಿಯ ಮೇಲೆ ಚುಕ್ಕಿಗಳು ಒಂದೊಂದೇ ಮೂಡತೊಡಗಿದ್ದವು.

“ಅಬ್ಬಾ, ಕೃತ್ತಿಕಿ ಎಷ್ಟ ಕಾಣತಾವ್ರಿ?”

ಏಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ದಸ್ತಗೀರ ಅದನ್ನು ನುಂಗಿಕೊಂಡ.

“ಒಂದೂ ಇಲ್ಲ.”

“ಯಾವಾಗಿಂದ?”

“ಎರಡ ವರ್ಷಾತು.”

ಅಲ್ಫಿಯಾ ಬೈನಾಕ್ಯುಲರಿನ ಮುಚ್ಚಳ ಹಾಕಿದಳು, ಪಟ್ಟಿ ಸುತ್ತಿದಳು, ಚೀಲಕ್ಕಿಟ್ಟಳು.

“ಹಂಗಾದ್ರ ಆ ದುರ್ಬೀನ ಕೆಟ್ಟಿರಲಿಲ್ಲ,” ಎಂದಳು.

“ಇಲ್ಲ ಬೇಟಿ,” ಎಂದ ದಸ್ತಗೀರ. “ಕೆಟ್ಟಿರಲಿಲ್ಲ.”