ಒಂದು ಗೆರೆ ಬೂದು

ಹಿಮದ ಚಿತ್ರ ತೆಗೆಯುವವರು ಮೊದಲು ಕಲಿಯುವುದು ಇದನ್ನು: ಕ್ಯಾಮೆರಾ ಬಿಳಿಯನ್ನು ನಂಬುವುದಿಲ್ಲ, ಬೂದು ಮಾಡಿಬಿಡುತ್ತದೆ. ಬೆಳಕು ಏರಿಸಿ ನಾವೇ ಬಿಳುಪನ್ನು ವಾಪಸು ತರಬೇಕು. ಇಪ್ಪತ್ತು ವರ್ಷ ನಾನು ಮಾಡಿದ್ದು ಅದನ್ನೇ. ನಮ್ಮ ಗ್ರೀನ್‌ಲ್ಯಾಂಡಿನ ತಾಯಂದಿರು ಮಕ್ಕಳಿಗೆ ಮೊದಲು ಕಲಿಸುವುದು ಬೇರೆ: ಬಿಳಿ ಮಂಜುಗಡ್ಡೆ ಹೊರುತ್ತದೆ, ಬೂದು ಮಂಜುಗಡ್ಡೆ ನುಂಗುತ್ತದೆ.

ಆ ಏಪ್ರಿಲ್ ಬೆಳಿಗ್ಗೆ ಊರ ಹಿಂದಿನ ಗುಡ್ಡ ಹತ್ತಿ, ಹೆಪ್ಪುಗಟ್ಟಿದ ಕೊಲ್ಲಿ ಮತ್ತು ಅದರ ನಡುವಿನ ದೊಡ್ಡ ಬಂಡೆಯ ಚಿತ್ರ ತೆಗೆದು ತಂದು, ಬೆಳಕು ಏರಿಸಿ ಮುಗಿಸಿದ್ದೆ. ಸೀಲ್ ಬೇಟೆಗೆ ಹೊರಟಿದ್ದ ತಮ್ಮ ಮಿತೆಕ್ ಕಾಫಿಗೆಂದು ಒಳಬಂದ. ಹೊರಗೆ ಜಾರುಬಂಡಿಗೆ ಕಟ್ಟಿದ ನಾಯಿಗಳ ಊಳು. ಕೊಲ್ಲಿಯ ಮೇಲೆ ಆಗಲೇ ಕಾವಳ ಕವಿದು ಏನೂ ಕಾಣುತ್ತಿರಲಿಲ್ಲ.

"ಅಕ್ಕಾ, ಬಂಡೆ ಹತ್ರ ಮಂಜುಗಡ್ಡೆ ಹೇಗಿದೆ? ನೀನು ಮೇಲಿಂದ ನೋಡಿದ್ಯಲ್ಲ."

ಕಣ್ಣಿನಿಂದ ನೋಡಿದ್ದು ನನಗೆ ನೆನಪಿರಲಿಲ್ಲ. ಚಿತ್ರವನ್ನೇ ಮುಂದಿಟ್ಟೆ. "ನೀನೇ ನೋಡ್ಕೋ."

ಬಹಳ ಹೊತ್ತು ನೋಡಿದ. "ಬೆಳ್ಳಗೇ ಇದೆ. ನೀನು ತೆಗೆದ್ರೆ ನನ್ನ ನಾಯಿಗಳೂ ಸ್ನಾನ ಮಾಡಿದ ಹಾಗೆ ಕಾಣ್ತವೆ ಬಿಡು," ಎಂದು ನಕ್ಕು, ಬಂಡೆಯ ಮಗ್ಗುಲಿನ ಹತ್ತಿರದ ದಾರಿ ಹಿಡಿದ.

ಸಂಜೆ ಎರಡೇ ನಾಯಿಗಳು ಮರಳಿದವು. ಮೈಮೇಲಿನ ನೀರು ಹೆಪ್ಪುಗಟ್ಟಿತ್ತು.

ಅವನು ಸಿಗಲಿಲ್ಲ. ಹುಡುಕಾಟ ನಿಂತ ದಿನ, ತಿದ್ದುವ ಮೊದಲಿನ ಚಿತ್ರವನ್ನು ತೆರೆದು ನೋಡಿದೆ. ಎಲ್ಲ ಬೂದಿನ ನಡುವೆ, ಬಂಡೆಯ ಬುಡದಲ್ಲಿ, ಇನ್ನೂ ಗಾಢವಾದ ಒಂದು ಗೆರೆ. ಬೆಳಕು ಏರಿಸಿದಾಗ ಅದೂ ಬಿಳಿಯಲ್ಲಿ ಅಳಿಸಿಹೋಗಿತ್ತು.

ಜೂನ್‌ನಲ್ಲಿ ಅವನ ಹೆಂಡತಿ ಇನಾಲುಕ್ ಬಂದಳು.

"ಅತ್ತಿಗೆ, ಅವತ್ತು ಅವರು ನೋಡಿದ ಚಿತ್ರ ಕೊಡಿ. ಹೊರಡೋ ಮುಂಚೆ ಮನೆಗೆ ಬಂದು ಹೇಳಿದ್ರು, ಅಕ್ಕ ತುಂಬ ಚೆಂದ ತೆಗ್ದಿದಾಳೆ ಅಂತ. ಗೋಡೆಗೆ ಹಾಕ್ತೀನಿ."

ಬಿಳಿಯದನ್ನು ಮಾತ್ರ ಕೊಟ್ಟು ಕಳಿಸಬಹುದಿತ್ತು. ಆಗಲಿಲ್ಲ. ಎರಡನ್ನೂ ಅಚ್ಚು ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಅವಳು ಬೇಟೆಗಾರನ ಮಗಳು. ಬೆರಳು ತಾನಾಗಿ ಬೂದು ಚಿತ್ರದ ಬಂಡೆಯ ಬುಡಕ್ಕೆ ಹೋಗಿ ನಿಂತಿತು.

"ಇದು ಬೇರೆ ದಿನದ್ದಾ?"

"ಅದೇ ದಿನದ್ದು. ಅದೇ ಚಿತ್ರ. ಬೆಳ್ಳಗೆ ಮಾಡಿದ್ದು ನಾನು."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಬಿಳಿಯದನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಮಕ್ಕಳು ಇದನ್ನ ನೋಡ್ಲಿ. ಅದನ್ನ ನೀವೇ ಇಟ್ಕೊಳ್ಳಿ."

ಆ ಬೂದು ಚಿತ್ರ ಈಗ ನನ್ನ ಗೋಡೆಯ ಮೇಲಿದೆ. ಕೊಲ್ಲಿ ಎರಡು ಸಲ ಹೆಪ್ಪುಗಟ್ಟಿ ಕರಗಿತು. ಇನಾಲುಕ್ ಮತ್ತೆ ನನ್ನ ಹೊಸ್ತಿಲು ತುಳಿದಿಲ್ಲ.